ತಲೆಗೂ ಒಂದು ಚೀಟಿ

ಗಡಿಯಾರ ರಿಪೇರಿಯವನಿಗೆ ಬೀದಿಯವರು ಇಟ್ಟ ಹೆಸರು ಮುಳ್ಳಪ್ಪ. ಮೂವತ್ತು ವರ್ಷ ಒಂದೇ ಬೆಂಚು, ಒಂದೇ ಕಿಟಕಿ, ಬಲಗಣ್ಣಿಗೆ ಒಂದೇ ಭೂತಗನ್ನಡಿ. ಎಡಗಡೆಯ ಅರೆತಲೆನೋವು ಮಾತ್ರ ಹೊಸದು; ಕರೆಯದೆ ಬರುವ ನೆಂಟ. ಬಂತೆಂದರೆ ಬೆಳಕು ಚುಚ್ಚುತ್ತಿತ್ತು, ಹೊಟ್ಟೆ ತೊಳಸುತ್ತಿತ್ತು, ಚಮಚ ಬಿದ್ದರೆ ಸುತ್ತಿಗೆ ಬಡಿದಂತಾಗುತ್ತಿತ್ತು.

"ದಿನವಿಡೀ ಸಾಸಿವೆಯಷ್ಟು ಗಾಲಿ ನೋಡಿದ್ರೆ ತಲೆ ಇನ್ನೇನಾಗ್ಬೇಕು? ಅಂಗಡಿ ಮುಚ್ಚಿಬಿಡಿ," ಎಂದಳು ಹೆಂಡತಿ.

"ಮುಚ್ಚಿ ನಿನ್ನ ಮುಖ ನೋಡ್ಕೊಂಡು ಕೂತ್ರೆ ನೋವು ಎರಡೂ ಕಡೆ ಬರುತ್ತೆ ಕಣೆ."

ನಗಿಸಿದನೇ ಹೊರತು ಎದೆ ಅಳುಕುತ್ತಿತ್ತು. ಬೆಂಚು ಬಿಟ್ಟರೆ ಅವನಿಗೆ ಬೇರೆ ಲೋಕವಿಲ್ಲ.

ಡಾಕ್ಟರು, "ಬಿಸಿಲು, ಹಸಿವು, ನಿದ್ದೆ, ಕುಡಿತ, ಚಿಂತೆ... ಒಬ್ಬೊಬ್ಬರಿಗೆ ಒಂದೊಂದು ಕಾರಣ. ನೋವು ಬಂದಾಗೆಲ್ಲ ಬರೆದಿಡಿ," ಎಂದರು.

"ಮೂರು ತಿಂಗಳು ಬರೀರಿ. ಕೆಲಸವೇ ಕಾರಣ ಅಂತಾದ್ರೆ ಬೀಗ ನಾನೇ ಜಡಿತೀನಿ," ಎಂದು ಹೆಂಡತಿ ಅಂಗಡಿಯ ಕೀಲಿಯ ಇನ್ನೊಂದು ಜೊತೆಯನ್ನು ಸೆರಗಿಗೆ ಕಟ್ಟಿಕೊಂಡಳು.

ರಿಪೇರಿಗೆ ಬಂದ ಗಡಿಯಾರಕ್ಕೆ ಚೀಟಿ ಕಟ್ಟಿ ಮೊಳೆಗೆ ನೇತುಹಾಕುವುದು ಮುಳ್ಳಪ್ಪನ ರೂಢಿ. ನೋವು ಬಂದಾಗೆಲ್ಲ ತಲೆಗೂ ಹಾಗೆಯೇ ಒಂದೊಂದು ಚೀಟಿ ಬರೆದ: 'ತಲೆ, ಒಂದು. ಎಡಭಾಗ ಕೆಟ್ಟಿದೆ. ಗಿರಾಕಿ: ನಾನೇ.' ಕೆಳಗೆ ವಾರ, ಎದ್ದ ಹೊತ್ತು, ಉಂಡ ಹೊತ್ತು.

ಮೂರು ತಿಂಗಳಿಗೆ ಒಂಬತ್ತು ಚೀಟಿ. ಬಿಚ್ಚಿದ ಗಾಲಿಗಳಂತೆ ಬೆಂಚಿನ ಮೇಲೆ ಹರಡಿ ಭೂತಗನ್ನಡಿ ಏರಿಸಿದ. ಒಂದು, ಗೋಡೆ ಗಡಿಯಾರವೊಂದರ ರಿಪೇರಿಯ ಹಿಂದೆ ಬಿದ್ದು ಸಂಜೆಯವರೆಗೆ ಉಪವಾಸ ಕೂತ ದಿನದ್ದು. ಉಳಿದ ಎಂಟೂ ಭಾನುವಾರದವು!

ಭಾನುವಾರ ಬೆಂಚೇ ಇಲ್ಲವಲ್ಲ? ಕೆಲಸದ ದಿನ ಐದೂವರೆಗೆ ಏಳುತ್ತಿದ್ದ, ಆರಕ್ಕೆ ಚಹಾ, ಎಂಟಕ್ಕೆ ತಿಂಡಿ. ಈಚೆಗೆ ಭಾನುವಾರ ಮಾತ್ರ, ಪಾಪ ದಣಿದಿದ್ದಾರೆಂದು ಹೆಂಡತಿ ಅಲಾರಂ ನಿಲ್ಲಿಸಿ, ಪರದೆ ಎಳೆದು, ಹತ್ತರವರೆಗೆ ಮಲಗಿಸುತ್ತಿದ್ದಳು. ಚಹಾ, ತಿಂಡಿ ಎಲ್ಲ ಹನ್ನೊಂದಕ್ಕೆ. 'ದಿನಾ ಒಂದೇ ಹೊತ್ತಿಗೆ ಕೀಲಿ ಕೊಡಿ' ಎಂದು ಊರಿಗೆಲ್ಲ ಬುದ್ಧಿ ಹೇಳಿದವನು ತನ್ನ ತಲೆಗೇ ಹೊತ್ತು ತಪ್ಪಿಸಿ ಕೀಲಿ ಕೊಡುತ್ತಿದ್ದ!

"ಅಯ್ಯೋ, ನಾನು ಮಲಗಿಸಿದ್ದೇ ತಪ್ಪಾಯ್ತಾ?" ಎಂದಳು ಹೆಂಡತಿ, ಚೀಟಿಗಳನ್ನು ನೋಡಿ.

"ಪ್ರೀತಿ ಹೆಚ್ಚಾಯ್ತು ಕಣೆ, ಅಷ್ಟೇ."

ಮುಂದಿನ ಭಾನುವಾರ ಐದೂವರೆಗೇ ಹೊದಿಕೆ ಎಳೆದು ಎಬ್ಬಿಸಿದಳು. ಆರಕ್ಕೆ ಚಹಾ. ಮಧ್ಯಾಹ್ನ ಮುಳ್ಳಪ್ಪ ತಲೆಯ ಎಡಭಾಗ ಒತ್ತಿ ಒತ್ತಿ ನೋಡಿಕೊಂಡ. ನೆಂಟ ಬರಲಿಲ್ಲ.

"ಹಾಗಾದ್ರೆ ವಾಸಿಯಾಯ್ತು?" ಎಂದಳು.

"ಒಂದು ತಿಂಗಳು ಓಡಿಸಿ ನೋಡದೆ ಯಾವ ಗಡಿಯಾರ ವಾಪಸ್ ಕೊಟ್ಟಿದೀನಿ ನಾನು?"

ಅವಳು ಸೆರಗಿನ ಗಂಟು ಬಿಚ್ಚಿ ಅಂಗಡಿಯ ಕೀಲಿಯನ್ನು ಅವನ ಅಂಗೈಗೆ ಹಾಕಿದಳು. "ಓಡಿಸಿ. ನಾಳೆ ಊಟಕ್ಕೆ ಒಂದು ಗಂಟೆಗೆ ಬರದಿದ್ರೆ ಮತ್ತೆ ಕಿತ್ಕೊತೀನಿ."