ದೊನ್ನೆ ಎಣಿಸಿ ನಡೆದ ಗ್ರಾಮ ಸಭೆ

ಹೋದ ವರ್ಷ ಶ್ರಾವಣದಲ್ಲಿ ನಮ್ಮ ಮನೆಯ ಪಡಸಾಲೆಯಲ್ಲಿ ಎರಡು ದಿನ ದೇಶದ ಸರಕಾರ ಅಂಗಾತ ಬಿದ್ದುಕೊಂಡಿತ್ತು. ಎಂಟನೆಯ ತರಗತಿಯ ಮಗಳಿಗೆ ಸರಕಾರದ ರಚನೆಯನ್ನು ದೊಡ್ಡ ಹಾಳೆಯ ಮೇಲೆ ಬರೆದು, ಅದರಲ್ಲಿ ಒಂದು ಭಾಗವನ್ನು ಕಣ್ಣಾರೆ ಕಂಡಂತೆ ವರ್ಣಿಸಿಕೊಂಡು ಬರಬೇಕೆಂದು ಶಾಲೆಯಲ್ಲಿ ಹೇಳಿದ್ದರು. ಆಕೆ ಹಾಳೆ ಹಾಸಿ, ನಾಲ್ಕು ಮೂಲೆಗೆ ನಾಲ್ಕು ಡಬ್ಬಿ ಇಟ್ಟು, ಮೇಲಿನಿಂದ ಚೌಕ ಎಳೆಯುತ್ತ ಬಂದಳು. ರಾಷ್ಟ್ರಪತಿ, ಪ್ರಧಾನಿ, ಲೋಕಸಭೆ, ರಾಜ್ಯಸಭೆ, ಪಕ್ಕದಲ್ಲಿ ಸುಪ್ರೀಂ ಕೋರ್ಟು, ಆಮೇಲೆ ರಾಜ್ಯಪಾಲರು, ಮುಖ್ಯಮಂತ್ರಿ, ವಿಧಾನಸಭೆ, ಅದರ ಕೆಳಗೆ ಜಿಲ್ಲೆ, ತಾಲೂಕು. ಅಡುಗೆಮನೆಗೆ ಹೋಗಬೇಕಾದರೆ ನಾವು ಇವರನ್ನೆಲ್ಲ ದಾಟಿಕೊಂಡೇ ಹೋಗಬೇಕಿತ್ತು.

"ಅವ್ವಾ, ಸುಪ್ರೀಂ ಕೋರ್ಟ್ ತುಳದಿ ನೋಡು."

"ತಪ್ಪಾತವಾ," ಎಂದು ಮುಟ್ಟಿ ಕಣ್ಣಿಗೊತ್ತಿಕೊಂಡೆ. ಕಾಗದ ತುಳಿದರೆ ಹಾಗೆ ಮಾಡುವುದು ನಮ್ಮ ರೂಢಿ.

ನಮ್ಮೂರು ಈಗ ಕಾಗವಾಡ ತಾಲೂಕಿಗೆ ಸೇರಿದೆ. ಮೊದಲು ಅಥಣಿಗೆ ಸೇರಿತ್ತು. ನಮ್ಮ ಮಾವನವರು ಕಟ್ಟೆಯ ಮೇಲಿಂದಲೇ ಕೂಗಿದರು, "ತಾಲೂಕ ಅಂತ ಬರದಲ್ಲೆ ಅಥಣಿ ಹಾಕು."

"ಅದ ಕಾಗವಾಡ ಆಗೈತಿ ಅಜ್ಜಾ."

"ನಿಮಗ ಆಗೈತಿ. ನನಗ ಆಗಿಲ್ಲ."

"ನಿನ್ನ ರೇಷನ್ ಕಾರ್ಡ್ ಯಾವ ತಾಲೂಕಿನ್ಯಾಗ ಐತಿ?"

"ಟ್ರಂಕಿನ್ಯಾಗ ಐತಿ."

ಹಾಳೆಯ ತಳಕ್ಕೆ ಬಂದಾಗ ಆಕೆ ಗ್ರಾಮ ಪಂಚಾಯತಿ ಎಂದು ಬರೆದು, ಅದರ ಕೆಳಗೆ ಗ್ರಾಮ ಸಭೆ ಎಂದು ಇನ್ನೊಂದು ಚೌಕ ಹಾಕಿದಳು. ಪುಸ್ತಕ ನೋಡಿ ನನ್ನ ಕಡೆ ತಿರುಗಿದಳು. "ಅವ್ವಾ, ನೀನೂ ಇದರಾಗ ಅದಿ."

ನಾನು ಶೇಂಗಾ ಒಡೆಯುತ್ತಿದ್ದೆ. "ನಾ ಯಾಕ ಇರ್ಲಿ?"

"ಲೋಕಸಭಾಕ, ವಿಧಾನಸಭಾಕ, ಪಂಚಾಯ್ತಿಗಿ ನಾವು ಯಾರನ್ನರ ಆರಿಸಿ ಕಳಸ್ತೀವಿ ಬೇ. ಗ್ರಾಮ ಸಭಾಕ ಕಳಸೂದಿಲ್ಲ. ವೋಟರ್ ಲಿಸ್ಟಿನ್ಯಾಗ ಹೆಸರ ಇದ್ದಾವ್ರೆಲ್ಲಾ ತಾವ ಮೆಂಬರು."

ನನಗೆ ನಗು ಬಂತು. ಲಗ್ನವಾಗಿ ಈ ಊರಿಗೆ ಬಂದು ಹದಿನೆಂಟು ವರ್ಷ. ಅಷ್ಟು ವರ್ಷದಿಂದ ನಾನು ಮೆಂಬರ್ ಆಗಿದ್ದೇನೆ, ನನಗೇ ಗೊತ್ತಿಲ್ಲ.

"ಸಭಾಕ ಯಾವಾಗರ ಹೋಗಿಯೇನ ಮತ್ತ?" ಎಂದು ಕೇಳಿದಳು.

"ನಾ ಯಾಕ ಹೋಗ್ಲಿ? ಅದ ನಮ್ಮ ಮನಿಗಿ ಬರತೈತಲಾ."

ಇದು ಸುಳ್ಳಲ್ಲ. ಪಂಚಾಯತಿಯ ವಾಲೀಕಾರ, ಅಂದರೆ ನೋಟೀಸು, ವಹಿ ಹೊತ್ತು ಮನೆಮನೆ ತಿರುಗುವವನು, ವರ್ಷದಲ್ಲಿ ಎರಡು ಸಲವಾದರೂ ಬಟ್ಟೆಯ ಚೀಲ ಹೆಗಲಿಗೆ ಹಾಕಿಕೊಂಡು ಬರುತ್ತಾನೆ. ಚೀಲದಿಂದ ಗ್ರಾಮ ಸಭೆಯ ವಹಿ ತೆಗೆಯುತ್ತಾನೆ. ನಾನು ಹಿಟ್ಟಿನ ಕೈ ಒರೆಸಿಕೊಂಡು ಅವನು ಬೆರಳಿಟ್ಟಲ್ಲಿ ಸಹಿ ಮಾಡುತ್ತೇನೆ. ಅತ್ತೆ ಹೆಬ್ಬೆಟ್ಟು ಒತ್ತುತ್ತಾರೆ. ಅವನು ಚಹಾ ಕುಡಿದು ಮುಂದಿನ ಮನೆಗೆ ಹೋಗುತ್ತಾನೆ. ನನ್ನ ಅಕ್ಷರ ದುಂಡಗಿದೆ ಎಂದು ಅವನು ಹೊಗಳುವುದೂ ಉಂಟು. ನನಗೆ ಅದರ ಹೆಮ್ಮೆಯೂ ಇತ್ತು.

ಮಗಳು ಇದನ್ನೆಲ್ಲ ಕೇಳಿಕೊಂಡು ಸುಮ್ಮನೆ ಬರೆದಳು. ರಾತ್ರಿ ಊಟಕ್ಕೆ ಮೊದಲು ಓದಿ ತೋರಿಸಿದಳು. "ಪುಸ್ತಕದಲ್ಲಿ ಗ್ರಾಮ ಸಭೆ ಎಂದರೆ ಊರವರು ಕೂಡಿ ಚರ್ಚಿಸುವುದು ಎಂದಿದೆ. ನಮ್ಮೂರಿನಲ್ಲಿ ಗ್ರಾಮ ಸಭೆ ಚೀಲದಲ್ಲಿ ಬರುತ್ತದೆ. ಚಹಾ ಕುಡಿದು ಹೋಗುತ್ತದೆ."

"ಊರ ಮಾನ ಕಳೀಬ್ಯಾಡ. ಬುಕ್ಕಿನ್ಯಾಗ ಇದ್ದಂಗ ಬರಿ," ಎಂದೆ.

"ಕಂಡದ್ದ ಬರೀರಿ ಅಂದಾರ. ನಾ ಕಂಡದ್ದ ಇದ."

ದೇವರ ಮುಂದೆ ಸುಳ್ಳಾಡಬಾರದೆಂದು ಕಲಿಸಿದವಳು ನಾನೇ. ಆದರೂ ಅದಷ್ಟನ್ನೇ ಬರೆದರೆ ನ್ಯಾಯವಾಗುವುದಿಲ್ಲ ಎನಿಸಿತು. ಸಂಜೆ ದೀಪ ಹಚ್ಚಿದಾಗ ಆ ದಿನ ದೇವರು ಕೊಟ್ಟದ್ದನ್ನು ಬೆರಳು ಮಡಚಿ ಎಣಿಸುವುದು ನನ್ನ ಅಭ್ಯಾಸ. ನಲ್ಲಿಗೆ ನೀರು ಬಂತು, ಹಾಲು ಉಕ್ಕಲಿಲ್ಲ, ಚಿಕ್ಕೋಡಿಗೆ ಹೋಗುವ ಬಸ್ಸಿನಲ್ಲಿ ಪುಕ್ಕಟೆ ಟಿಕೀಟಿನ ಜೊತೆಗೆ ಕೂಡಲು ಜಾಗವೂ ಸಿಕ್ಕಿತು, ಮಳೆಯಲ್ಲಿ ಕೊಡೆ ಹಿಡಿದು ನರ್ಸಬಾಯಿ ಸೂಜಿ ಹಾಕಲು ಬಂದಳು. ಎಣಿಸಿ ನೋಡಿದರೆ ಅದರಲ್ಲಿ ಅರ್ಧ ದೇವರು ಸರಕಾರದ ಕೈಯಿಂದ ಕೊಡಿಸಿದ್ದೇ. ಇದನ್ನೂ ಬರಿ ಎಂದೆ. "ಅದ ಬ್ಯಾರೆ ಪಾಠ," ಎಂದಳು.

ಶುಕ್ರವಾರ ವಾಲೀಕಾರ ಬಂದ.

"ವೈನಿ, ಒಂದ ಸಹಿ ರೀ. ಸೋಮವಾರದ ಸಭಾದ್ದು."

ಶಾಲೆಯಿಂದ ಆಗಷ್ಟೇ ಬಂದಿದ್ದ ಮಗಳು ವಹಿಯನ್ನು ತಾನೇ ಎತ್ತಿಕೊಂಡಳು. "ಕಾಕಾ, ಸೋಮವಾರ ಇನ್ನಾ ಬಂದಿಲ್ಲಲಾ."

"ಬರತೈತವಾ, ಅದೆಲ್ಲಿ ಹೋಗತೈತಿ."

ಆಕೆ ವಿಷಯಗಳನ್ನು ಒಂದೊಂದಾಗಿ ಓದಿದಳು. ಗಟಾರ, ಬೀದಿ ದೀಪ, ನೀರಿನ ಟಾಕಿ. ನಾಲ್ಕನೆಯದು, ಹೊಸ ಅಂಗನವಾಡಿ ಕೋಣೆಯನ್ನು ರಸ್ತೆಯಾಚೆಯ ಪಂಚಾಯತಿ ಜಾಗದಲ್ಲಿ ಕಟ್ಟಲು ಗ್ರಾಮ ಸಭೆಯ ಒಪ್ಪಿಗೆ.

ನನ್ನ ನೆಗೆಣ್ಣಿ, ಅಂದರೆ ಮೈದುನನ ಹೆಂಡತಿ, ತನ್ನ ಪುಟ್ಟ ಮಗಳನ್ನು ಬಗಲಲ್ಲಿ ಎತ್ತಿಕೊಂಡು ಒಳಗಿನಿಂದ ಬಂದಳು. ಆ ಕೂಸಿಗೆ ಮೂರು ತುಂಬಿತ್ತು. ಅಂಗನವಾಡಿ ಆಗ ನಮ್ಮ ಓಣಿಯ ಬಾಡಿಗೆ ಕೋಣೆಯಲ್ಲಿತ್ತು, ಸೋರುತ್ತಿತ್ತು ನಿಜ, ಆದರೆ ನಾಲ್ಕು ಹೆಜ್ಜೆಯ ದಾರಿ.

"ಆಚಿಗಿ ಅಂದ್ರ? ರೋಡ್ ದಾಟಿ?" ಎಂದಳು.

ಆ ರಸ್ತೆ ಕಬ್ಬು ಹೋಗುವ ರಸ್ತೆ. ದೀಪಾವಳಿಯ ಹೊತ್ತಿಗೆ ಕಬ್ಬು ಕಡಿಯುವ ಹಂಗಾಮು ಸುರುವಾದರೆ ಟ್ರ್ಯಾಕ್ಟರಿಗೆ ಎರಡೆರಡು ಟ್ರೇಲರ್ ಕಟ್ಟಿಕೊಂಡು, ಹಾಡು ದೊಡ್ಡದಾಗಿ ಹಚ್ಚಿಕೊಂಡು ಹಗಲೆಲ್ಲ ಓಡಾಡುತ್ತಾರೆ. ಹಿಂದಿನ ಟ್ರೇಲರ್ ಎತ್ತ ಹೊರಳಿತೆಂದು ಮುಂದೆ ಕೂತವನಿಗೆ ಕಾಣುವುದಿಲ್ಲ. ಹಿಂದಿನ ಹಂಗಾಮಿನಲ್ಲಿ ನಮ್ಮ ಓಣಿಯ ಒಂದು ಎಮ್ಮೆಗರು ಅಲ್ಲಿಯೇ ಹೋಯಿತು.

ನಾನು ಪೆನ್ನು ಕೆಳಗಿಟ್ಟೆ.

"ಮಾಡ್ರಿ ವೈನಿ, ಇನ್ನಾ ಐವತ್ತ ಮನಿ ತಿರಗೂದೈತಿ."

"ನಾ ಸಭಾಕ ಬಂದ ಮಾಡ್ತೀನಿ."

"ಎಲ್ಲಿಗಿ ಬಂದು?"

"ಸಭಾಕ."

"ಅಲ್ಲಿ ಯಾರೂ ಇರೂದಿಲ್ಲಲ್ರಿ," ಎಂದ. ಅವನ ಮಾತಿನಲ್ಲಿ ಕಪಟವಿರಲಿಲ್ಲ. ನಾನೊಬ್ಬಳೇ ಹೋಗಿ ಕೂಡಬೇಕಾದೀತೆಂಬ ಕಾಳಜಿಯೇ ಇತ್ತು. ಸಭೆ ನಡೆಯಲು ನೂರು ಮಂದಿ ಬೇಕಂತೆ, ಇಪ್ಪತ್ತೂ ಆಗುವುದಿಲ್ಲವಂತೆ, ಅದಕ್ಕೇ ಈ ಚೀಲ. "ಅದರಾಗ ಈ ಸೋಮವಾರ ಶ್ರಾವಣದ ಕಡೇ ಸೋಮವಾರ. ಹೆಣ್ಮಕ್ಕಳೆಲ್ಲಾ ಗುಡಿಯಾಗ ಇರ್ತೀರಿ," ಎಂದು ಚಹಾ ಮುಗಿಸಿ ಎದ್ದ.

ಅವನು ಹೋದ ಮೇಲೆ ಆ ಮಾತೇ ತಲೆಯಲ್ಲಿ ಕೂತಿತು. ಹೌದು, ಎಲ್ಲರೂ ಗುಡಿಯಲ್ಲಿರುತ್ತೇವೆ. ಕಡೇ ಸೋಮವಾರದ ಗೋಧಿ ಹುಗ್ಗಿಯ ಸೇವೆ ನಮ್ಮ ಮನೆಯದು. ಎಷ್ಟು ಮಂದಿ ಬರುತ್ತಾರೆಂದು ನನ್ನಷ್ಟು ಗೊತ್ತಿದ್ದವರು ಊರಲ್ಲಿ ಇಲ್ಲ.

ಮರುದಿನ ಅತ್ತೆಯನ್ನು ಕರೆದುಕೊಂಡು ಪಂಚಾಯತಿಗೆ ಹೋದೆ. ಅಭಿವೃದ್ಧಿ ಅಧಿಕಾರಿ ರಾಯಬಾಗದ ಕಡೆಯ ಹುಡುಗ, ಮೀಸೆ ಇನ್ನೂ ಎಳೆಯದು, ಆದರೂ ನಾವು ಸಾಹೇಬರು ಎನ್ನುತ್ತೇವೆ. ಸಭೆಯನ್ನು ಗುಡಿಯಲ್ಲೇ ಇಟ್ಟುಕೊಳ್ಳಿರಿ ಎಂದೆ.

"ಗುಡಿಯೊಳಗ ಬ್ಯಾಡ್ರಿ ಅಕ್ಕಾರ. ಸಭಾ ಎಲ್ಲಾರದು. ಗುಡಿಗಿ ಬರದಾವ್ರೂ ಬರಬೇಕಲ್ರಿ."

ನಾನು ಅದನ್ನು ಯೋಚಿಸಿರಲೇ ಇಲ್ಲ. ಮುಖ ಸಣ್ಣದಾಯಿತು. ಅವರೇ ದಾರಿ ಹೇಳಿದರು. ಗುಡಿಗೆ ಹೊಂದಿಕೊಂಡೇ ಶಾಲೆ, ನಡುವೆ ಒಂದು ಗೇಟು. ಶಾಲೆಯ ಬಯಲಲ್ಲಿ ಇಡೋಣ ಎಂದರು. "ನನಗೇನ ಆ ಚೀಲದ ಮ್ಯಾಲ ಪ್ರೀತಿ ಐತೇನ್ರಿ? ಮಂದಿ ಬಂದ್ರ ನಾ ಯಾಕ ಕಳಸ್ಲಿ?"

ಮನೆಗೆ ಬಂದಾಗ ನೆಗೆಣ್ಣಿ ಒಂದು ಉಪಾಯ ತೆಗೆದಳು. "ಸಹಿ ಮಾಡಿದಾವ್ರಿಗಷ್ಟ ಹುಗ್ಗಿ ಅನ್ನೂಣ ಅಕ್ಕಾ."

ಅತ್ತೆ ಜಪದ ಮಣಿ ಅಲ್ಲಿಗೇ ನಿಲ್ಲಿಸಿದರು. "ಪ್ರಸಾದಕ್ಕ ಶರತ್ತ ಹಾಕ್ತಿಯೇನ? ದೇವರೇನ ಕಿರಾಣಿ ಅಂಗಡಿ ಇಟ್ಟಾನ?"

ಹಾಗಾಗಿ ಸೋಮವಾರ ಕೇಳಿದವರಿಗೆಲ್ಲ ಮೊದಲು ಹುಗ್ಗಿ ಬಡಿಸಿದೆ. ಗೇಟಿನ ಬಳಿ ಪಾತೇಲಿ ಇಟ್ಟುಕೊಂಡು ನಿಂತಿದ್ದೆ. ಜಿಟಿಜಿಟಿ ಮಳೆ. ದೊನ್ನೆ ಹಿಡಿದವರು ಒಂದೇ ಕಡೆ ಕೂಡಲಿಲ್ಲ. ಕೆಲವರು ಗುಡಿಯ ಕಟ್ಟೆಗೆ, ಕೆಲವರು ಬೇವಿನ ಮರದಡಿ, ಕೆಲವರು ಶಾಲೆಯ ಹಿಂದಿನ ತಗಡಿನ ಕೆಳಗೆ. ಮೈಕಿನಲ್ಲಿ ಸಾರಿದ್ದು ಕೇಳಿ ಮಸೀದಿ ಓಣಿಯ ಹೆಣ್ಣುಮಕ್ಕಳೂ ಬಂದಿದ್ದರು. ಹುಗ್ಗಿಗೆ ತುಪ್ಪ ಕಡಿಮೆಯಾಗಿದೆ ಎಂದು ನನ್ನ ಮುಖಕ್ಕೇ ಹೇಳಿ, ಅದೇ ದೊನ್ನೆಗೆ ಇನ್ನೊಂದು ಸಲ ಹಾಕಿಸಿಕೊಂಡರು. ಗಂಡಸರು ರಸ್ತೆಯ ಚಹಾ ಅಂಗಡಿಯಲ್ಲಿ. ಮಗಳ ತರಗತಿಯವರಂತೂ ಕಿಟಕಿಯ ಸರಳಿಗೆ ಜೋತುಬಿದ್ದಿದ್ದರು.

ಸಾಹೇಬರು ವಹಿ ನೋಡಿ ತಲೆ ಅಲ್ಲಾಡಿಸಿದರು. ಅರವತ್ತೆರಡು ಸಹಿ. "ಕೋರಂ ಇಲ್ರಿ. ಮುಂದೂಡಬೇಕಾಗತೈತಿ."

ಮುಂದೂಡಿದರೆ ಚೀಲ ಮತ್ತೆ ಮನೆಮನೆಗೆ ಬರುತ್ತದೆ. ಎಲ್ಲರೂ ನನ್ನ ಹಾಗೆಯೇ ಹಿಟ್ಟಿನ ಕೈ ಒರೆಸಿಕೊಂಡು ಸಹಿ ಮಾಡುತ್ತಾರೆ. ಕೂಸು ರಸ್ತೆ ದಾಟಬೇಕಾಗುತ್ತದೆ. ನೆಗೆಣ್ಣಿ ನನ್ನ ಸೆರಗು ಹಿಡಿದು ಜಗ್ಗಿದಳು. ನಾನು ಸೌಟು ಹಿಡಿದುಕೊಂಡೇ ಮೇಜಿನ ಹತ್ತಿರ ಹೋದೆ.

"ಸಾಹೇಬ್ರ, ನೂರ ದಾಟೈತ್ರಿ."

"ಹೆಂಗ ಹೇಳ್ತೀರಿ ಅಕ್ಕಾರ?"

"ಐವತ್ತರ ಮೂರ ಕಟ್ಟ ದೊನ್ನಿ ತಂದಿದ್ನಿ. ಹತ್ತೊಂಬತ್ತ ಉಳದಾವ."

ಸಾಹೇಬರು ಮನಸ್ಸಿನಲ್ಲೇ ಕಳೆದರು. "ಹುಡುಗ್ರೂ ತಿಂದಿರ್ತಾರಲ್ರಿ. ಅವ್ರಿಗೆಲ್ಲಿ ವೋಟ್ ಐತಿ?"

"ಹುಡುಗ್ರಿಗಿ ಕೈಯಾಗ ಕೊಟ್ಟೀನ್ರಿ. ದೊನ್ನಿ ಕೊಟ್ರ ಟೊಪ್ಪಗಿ ಮಾಡಿ ಆಡ್ತಾವ."

"ಮನಿಗಿ ಒಯ್ಯಾವ್ರು?"

"ಅವ್ರು ಡಬ್ಬಿ ತಂದಾರ."

ಅವರೂ ಬಿಡುವವರಲ್ಲ. "ತವರಿಗಿ ಬಂದ ಹೆಣ್ಮಕ್ಕಳು? ಅವ್ರ ಹೆಸರ ಗಂಡನ ಊರಾಗ ಇರತೈತಿ."

ಕಣ್ಣು ಮುಚ್ಚಿ ಮುಖಗಳನ್ನು ನೆನೆಸಿಕೊಂಡೆ. ಏಕಸಂಬಿಗೆ ಕೊಟ್ಟವಳು, ನಿಪ್ಪಾಣಿಗೆ ಕೊಟ್ಟ ಅಕ್ಕತಂಗಿಯರು, ಕರೋಶಿಯವಳು. "ಹದಿನಾಲ್ಕ ಮಂದಿ ರೀ. ಅವ್ರನ್ನ ತಗದ್ರೂ ನೂರಾ ಹದಿನೇಳ."

ಸಾಹೇಬರು ನಕ್ಕುಬಿಟ್ಟರು. ವಾಲೀಕಾರನನ್ನು ಕರೆದು ಮೇಜಿನ ಪಕ್ಕ ಒಂದು ಬುಟ್ಟಿ ಇಡಿಸಿದರು. ಸಹಿ ಮಾಡದವರು ಬಂದು ಬುಟ್ಟಿಗೆ ದೊನ್ನೆ ಹಾಕಬೇಕು, ಪಟ್ಟಿಯಲ್ಲಿ ಹೆಸರಿದ್ದರೆ ಸಹಿ ಮಾಡಬೇಕು. ಮರದಡಿಯಿಂದ, ಕಟ್ಟೆಯಿಂದ, ತಗಡಿನ ಕೆಳಗಿನಿಂದ ಹೆಣ್ಣುಮಕ್ಕಳು ಸೆರಗು ತಲೆಗೆ ಹೊದ್ದು ಸಾಲಾಗಿ ಬಂದರು. ಇದೇನು ಗದ್ದಲ ಎಂದು ಚಹಾ ಅಂಗಡಿಯ ಗಂಡಸರೂ ಬಂದರು. ನೂರಾ ಇಪ್ಪತ್ತು ದಾಟಿತು. ಕಿಟಕಿಯಲ್ಲಿದ್ದ ಹುಡುಗರು ಚಪ್ಪಾಳೆ ತಟ್ಟಿ ಮಾಸ್ತರರ ಕೈಲಿ ಬೈಸಿಕೊಂಡರು.

ನಾಲ್ಕನೆಯ ವಿಷಯ ಬಂದಾಗ ನೆಗೆಣ್ಣಿ ಎದ್ದು ನಿಂತಳು. ಕೂಸನ್ನು ಬಗಲಿಗೆ ಏರಿಸಿಕೊಂಡಳು. "ಹಂಗಾಮದಾಗ ಆ ರೋಡ್ ನಾನ ದೇವರ ಹೆಸರ ತಗೊಂಡ ದಾಟ್ತೀನ್ರಿ. ಈ ಕೂಸ ಹೆಂಗ ದಾಟೂದು?" ಅಷ್ಟೇ ಹೇಳಿ ಕೂತಳು.

ಪಂಚಾಯತಿಯ ಅಧ್ಯಕ್ಷರು ಕೆಟ್ಟವರಲ್ಲ. "ನಮಗೂ ಖುಷಿ ಇಲ್ರವಾ. ಈಚೀ ಕಡೆ ಪಂಚಾಯ್ತಿ ಜಾಗ ಖಾಲಿ ಇಲ್ಲ," ಎಂದರು.

"ಶಾಲಿ ಹಿಂದ ಹಳೇ ಚಾವಡಿ ಜಾಗ ಐತೆಲ್ಲಾ," ಎಂದ ಹಿಂದಿನ ಸಾಲಿನ ಒಬ್ಬ ಮುದುಕ.

"ಅದರಾಗ ಯಾರದೋ ಮೇವಿನ ಬಣಿವಿ ಐತಿ," ಎಂದರು ಅಧ್ಯಕ್ಷರು.

ನಾನು ನೆಲ ನೋಡಿದೆ. ಮಾವನವರು ಟೋಪಿ ಸರಿಮಾಡಿಕೊಂಡರು. ಆ ಬಣವೆ ನಮ್ಮದೇ. ನಾನು ದಿನಾ ಅದರಿಂದ ಮೇವು ತಂದು ಎಮ್ಮೆಗೆ ಹಾಕುತ್ತೇನೆ. ಜಾಗ ಯಾರದೆಂದು ಒಂದು ದಿನವೂ ಕೇಳಿದವಳಲ್ಲ.

"ಯಾರದಂತೀನಿ," ಎಂದ ಆ ಮುದುಕ, ನಗು ತಡೆದುಕೊಂಡು.

ಮಾವನವರು ಎದ್ದರು. "ನಂದ. ಅಥಣಿ ತಾಲೂಕ ಇದ್ದಾಗಿಂದ ಐತಿ ಅದು."

"ಈಗ ಕಾಗವಾಡ ಆಗೈತಿ ಅಜ್ಜಾ," ಎಂದಿತು ಕಿಟಕಿಯಿಂದ ಒಂದು ದನಿ. ಯಾರದೆಂದು ನಾನು ತಿರುಗಿ ನೋಡಲಿಲ್ಲ. ಊರೆಲ್ಲ ನಕ್ಕಿತು.

"ಎಂಟ ದಿನ ಕೊಡ್ರಿ, ತಗೀತೀನಿ," ಎಂದು ಮಾವನವರು ಕೂತರು. ಆಮೇಲೆ ಅವರೂ ನಕ್ಕರು, ಸ್ವಲ್ಪ ತಡವಾಗಿ. ಅಂಗನವಾಡಿ ಹಳೇ ಚಾವಡಿ ಜಾಗದಲ್ಲೇ ಆಗಬೇಕೆಂದು ಠರಾವು ಬರೆದು ಸಾಹೇಬರು ಗಟ್ಟಿಯಾಗಿ ಓದಿದರು. ಎಂಟು ದಿನ ಅಂದದ್ದು ಇಪ್ಪತ್ತಾಯಿತು, ಆದರೆ ಬಣವೆ ಅಲ್ಲಿಂದ ಎದ್ದಿತು. ಈಗ ಮೇವು ಹೊಲದಿಂದ ಹೊತ್ತು ತರಬೇಕು. ನನ್ನ ಸೊಂಟ ನೋಯುತ್ತದೆ, ದೂರು ಹೇಳಲು ಬಾಯಿಲ್ಲ.

ಮಗಳು ತನ್ನ ಬರಹದಲ್ಲಿ ಚೀಲದ ಸಾಲುಗಳನ್ನು ಅಳಿಸಲಿಲ್ಲ. ಅದರ ಕೆಳಗೆ ಸೋಮವಾರದ್ದನ್ನೂ ಬರೆದಳು, ಅಜ್ಜನ ಬಣವೆ ಸಮೇತ. ಅಜ್ಜನನ್ನು ಬಿಡು ಎಂದು ನಾನು ಬೇಡಿಕೊಂಡರೂ ಕೇಳಲಿಲ್ಲ. ಮಾಸ್ತರರು ಎರಡನ್ನೂ ಓದಿ, "ಎರಡೂ ಖರೇನ ಅದಾವು," ಎಂದು ಹಾಳೆಯನ್ನು ತರಗತಿಯ ಗೋಡೆಗೆ ಅಂಟಿಸಿದರಂತೆ.

ಈ ವರ್ಷ ಮಳೆಗಾಲಕ್ಕೆ ಮೊದಲೇ ಕೋಣೆ ಮುಗಿಯಿತು. ಚಿಕ್ಕದು, ಫ್ಯಾನು ಇನ್ನೂ ಬಂದಿಲ್ಲ, ಆದರೆ ಸೋರುವುದಿಲ್ಲ. ಗೋಡೆಗೆ ಮೊಲ, ನವಿಲು ಬಿಡಿಸಿದ್ದಾರೆ. ಮೊದಲ ದಿನ ನಾನು, ಅತ್ತೆ, ನೆಗೆಣ್ಣಿ ಮೂವರೂ ಕೂಸಿಗೆ ಕುಂಕುಮ ಹಚ್ಚಿ ಕರೆದುಕೊಂಡು ಹೋದೆವು. ಬಾಗಿಲವರೆಗೆ ಕುಣಿಯುತ್ತ ಬಂದವಳು ಚೌಕಟ್ಟನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದು ನಿಂತಳು. ಒಳಗೆ ಹೋಗಲೊಲ್ಲಳು. ಮೊಲ ತೋರಿಸಿದೆವು, ನವಿಲು ತೋರಿಸಿದೆವು, ಬೆಲ್ಲ ತೋರಿಸಿದೆವು. ಅತ್ತೆಗೆ ಸಾಕಾಯಿತು.

"ನಿನ್ನ ಸಲುವಾಗಿ ಊರ ಮಂದಿ ಎಲ್ಲಾ ಸಹಿ ಮಾಡ್ಯಾರ. ಒಳಗ ನಡಿ ಬೇ."

ಕೂಸು ಚೌಕಟ್ಟು ಬಿಡದೆ ಹೇಳಿತು, "ನಾ ಮಾಡಿಲ್ಲ."