ಹಲ್ಲರಿನ ಬಾಯಿ ಮುಚ್ಚಿಸಿದ್ದು

ಕಳಸದಲ್ಲಿ ಕಾಫಿ ಸಿಪ್ಪೆ ಸುಲಿಯುವ ಹಲ್ಲರ್ ಮೆಷಿನ್ನಿನ ಬಾಯಿ ಮುಚ್ಚಿಸಿದವನು ನಾನೊಬ್ಬನೇ. ಮೆಷಿನ್ ಗುಜರಿಗೆ ಹೋಯಿತು, ಆ ಕಾಫಿ ಕಾರ್ಖಾನೆಯ ಮ್ಯಾನೇಜರ್ ತೀರಿಕೊಂಡರು. ಇನ್ನು ಸುಳ್ಳು ಅನ್ನುವವರು ಯಾರು?

ಅದು ತಿರುಗಿದರೆ ಸದ್ದಿಗೆ ಭದ್ರೆಯ ಮೀನುಗಳು ಬಾಳೆಹೊನ್ನೂರಿಗೆ ಓಡುತ್ತಿದ್ದವು. ಪಕ್ಕದಲ್ಲೇ ಬೀಜ ಆರಿಸುವ ಹೆಂಗಸರಿಗೆ ಮನೆಯಲ್ಲಿ ಮಕ್ಕಳು ಕೂಗಿದರೂ ಕೇಳಿಸದಂತಾಗಿತ್ತು. ಮೆಷಿನ್ ಓಡಿಸುತ್ತಿದ್ದವನು ನಾನು; ನಡುವೆ ಗೋಡೆ ಕಟ್ಟಿಸಿ ಅಂತ ಮ್ಯಾನೇಜರಿಗೆ ಅಂದೆ. ಮೆಷಿನ್ ಓಡುತ್ತಿದ್ದಾಗಲೇ ಅವರು ಲೆಕ್ಕ ಬರೆಯುವ ರೈಟರ ಕಿವಿಯಲ್ಲಿ ಪಿಸುಗುಟ್ಟಿದರು: “ಕಿವಿಗೆ ಹತ್ತಿ ಇಟ್ಕೊಳ್ಳಲಿ, ಸಾಕು.”

ಸ್ವಿಚ್ ಆಫ್ ಮಾಡಿಬಿಟ್ಟೆ. “ಹತ್ತಿ ನೀವೇ ಇಟ್ಕೊಳ್ಳಿ ಸಾರ್. ಗೋಡೆ ಏಳೋವರೆಗೆ ಇದು ತಿರುಗಲ್ಲ.” ಹೆಂಗಸರೂ ಮೊರ ಕೆಳಗಿಟ್ಟು ನನ್ನ ಹಿಂದೆ ನಿಂತರು. ಗೋಡೆ ಎದ್ದಿತು.

ಮೊನ್ನೆ ಕೊಟ್ಟಿಗೆಹಾರದ ಹೋಟೆಲಿನಲ್ಲಿ ಇದನ್ನು ಹೇಳುತ್ತಿದ್ದೆ. ಜೀಪ್ ಮೆಕ್ಯಾನಿಕ್ ಇಬ್ರಾಹಿಂ ತಡೆದ: “ಅಲ್ಲ ಅಜ್ಜ, ಅಷ್ಟು ಸದ್ದಿನಲ್ಲಿ ಅವರ ಪಿಸುಮಾತು ನಿಮಗೆ ಹೇಗೆ ಕೇಳ್ತು?”

“ಕೇಳದಿದ್ರೇನು ಮಾರಾಯ, ಮ್ಯಾನೇಜರ್ ಅಂದ್ಮೇಲೆ ಅದನ್ನೇ ತಾನೇ ಹೇಳೋದು?” ಅಂದು ಕಾಫಿ ಲೋಟ ಎತ್ತಿಕೊಂಡೆ.