ನಲವತ್ತೊಂದು ಹನಿ ಸೋಪಿನ ನೀರು

ಜನವರಿ ೧೮, ಭಾನುವಾರ. ಬೆಳಿಗ್ಗೆ ಏಳು ಗಂಟೆ ಹತ್ತು ನಿಮಿಷ.

ಕುಕ್ಕರ್ ಒಂಬತ್ತು ಸಲ ಕೂಗಿತು. ಮುಚ್ಚಳ ತೆಗೆದರೆ ತೊಗರಿಬೇಳೆ ಇನ್ನೂ ಕಾಳುಕಾಳಾಗಿಯೇ ಇತ್ತು. ತಿಪಟೂರಿನ ಈ ಬಾಡಿಗೆ ಕೋಣೆಗೆ ಬಂದು ಹನ್ನೊಂದು ದಿನ, ಬೇಯದೆ ಉಳಿದ ಬೇಳೆ ಇದು ಮೂರನೆಯದು. ಆ ಅರೆಬೆಂದ ವಾಸನೆಗೆ ನಮ್ಮ ಶಾಲೆಯ ಬಿಸಿಯೂಟದ ಅಡುಗೆಯಮ್ಮ ನೆನಪಾದರು...

ಹೊನ್ನವಳ್ಳಿ ರಸ್ತೆಯ ನಮ್ಮೂರ ಶಾಲೆಗೆ ಮೊದಲು ಪಕ್ಕದ ತೆಂಗಿನ ತೋಟದ ಬಾವಿಯಿಂದ ನೀರು ಬರುತ್ತಿತ್ತು. ನಾನು ಆರನೇ ತರಗತಿಯಲ್ಲಿದ್ದಾಗ ಶಾಲೆಗೇ ಬೋರ್‌ವೆಲ್ ಕೊರೆಸಿ ಬಾವಿಯ ಪೈಪು ತೆಗೆದರು. ಆ ವಾರದಿಂದ ಸಾರಿನಲ್ಲಿ ಬೇಳೆ ಬೇಯುವುದು ನಿಂತಿತು. ಅಡುಗೆಯಮ್ಮ ತಡವಾಗಿ ಒಲೆ ಹಚ್ಚುತ್ತಾರೆಂದು ಊರೆಲ್ಲ ಮಾತಾಯಿತು. ಶಾಲಾ ಸಮಿತಿಯ ಅಧ್ಯಕ್ಷರು ಬಂದು ನಿಂತರು.

"ಶನಿವಾರದವರ್ಗೂ ನೋಡ್ತೀನಿ ಕಣಮ್ಮ. ಸರಿಹೋಗ್ಲಿಲ್ಲ ಅಂದ್ರೆ ಬೇರೆಯವ್ರನ್ನ ಹಾಕ್ತೀವಿ."

"ನನ್ ಕೈ ಬದ್ಲಾಗಿಲ್ಲ ಕಣಪ್ಪ, ನೀರು ಬದ್ಲಾಗೈತೆ."

"ನೀರಂದ್ರೆ ನೀರೇ ಬುಡು," ಎಂದು ನಕ್ಕು ಹೋದರು.

ಊಟಕ್ಕೆ ಕೂತವರ ಲೆಕ್ಕವನ್ನು ಹಲಗೆಯ ಮೇಲೆ ಬರೆಯುತ್ತಿದ್ದವಳು ನಾನು. ಅದಕ್ಕೇ ಅಡುಗೆಯಮ್ಮ ನನ್ನನ್ನು 'ಲೆಕ್ಕದವ್ವ' ಎನ್ನುತ್ತಿದ್ದರು. ಆ ಮಧ್ಯಾಹ್ನ ಎರಡು ಖಾಲಿ ಬಾಟಲಿ ತರಿಸಿದರು. ಒಂದಕ್ಕೆ ಬಾವಿಯ ನೀರು, ಇನ್ನೊಂದಕ್ಕೆ ಬೋರಿನದು, ತೆಂಗಿನ ಚಿಪ್ಪಿನಿಂದ ಅಳೆದು ಒಂದೊಂದು ಚಿಪ್ಪು. ಸೋಪು ಕೆರೆದು ಬಿಸಿನೀರಲ್ಲಿ ಕರಗಿಸಿ, ಕಿವಿಗೆ ಬಿಡುವ ಔಷಧದ ಖಾಲಿ ಬಾಟಲಿಗೆ ತುಂಬಿ ನನ್ನ ಕೈಗಿಟ್ಟರು. ಒಂದು ಹನಿ ಹಾಕುವುದು, ಕುಲುಕುವುದು, ನೊರೆ ನಿಲ್ಲುವವರೆಗೆ ಎಣಿಸುವುದು. ಬಾವಿಯ ನೀರಿಗೆ ಎಂಟು ಹನಿ ಸಾಕಾಯಿತು. ಬೋರಿನದು ಮೊದಲು ಒಡೆದ ಹಾಲಿನಂತಾಯಿತು, ನೊರೆ ನಿಂತದ್ದು ನಲವತ್ತೊಂದಕ್ಕೆ. ಸೋಪನ್ನು ಹಾಗೆ ನುಂಗುವ ನೀರೇ ಬೇಳೆಯನ್ನೂ ಬೇಯಗೊಡುವುದಿಲ್ಲ ಎಂದರು. ಲ್ಯಾಬು ಎಂಬ ಮಾತನ್ನು ನಾವಿನ್ನೂ ಕೇಳಿರಲಿಲ್ಲ...

ಶನಿವಾರ ಅಧ್ಯಕ್ಷರ ಮುಂದೆ ಅರವತ್ತೆರಡು ಮಕ್ಕಳು ಸುತ್ತುಗಟ್ಟಿದೆವು. ಸೋಪಿನ ನೀರು ಮುಗಿದಿತ್ತೆಂದು ಬೆಳಿಗ್ಗೆ ನಾನೇ ಮನೆಯಲ್ಲಿ ಹೊಸದಾಗಿ ಕಲಸಿ ತಂದಿದ್ದೆ. ಬಾವಿಯ ನೀರಿಗೆ ನಾಲ್ಕು ಹನಿ. ಬೋರಿನದಕ್ಕೂ ನಾಲ್ಕೇ! ಎರಡರಲ್ಲೂ ಬುಸಬುಸ ನೊರೆ.

"ಏನಮ್ಮ, ಎರಡೂ ಅಣ್ಣತಮ್ಮಂದ್ರಂಗೆ ಅವೆ!" ಅಧ್ಯಕ್ಷರು ಎದ್ದೇಬಿಟ್ಟರು. ನನ್ನ ಕೈಯಿಂದಲೇ ಅಡುಗೆಯಮ್ಮನ ಕೆಲಸ ಹೋಯಿತೆಂದು ನನಗೆ ಅಳು ಬಂತು.

ಅಡುಗೆಯಮ್ಮ ಬಾಟಲಿ ಮೂಸಿದರು. "ಇದ್ಯಾವ್ದು ಹಾಕ್ದೆ ಮಗಾ?"

"ಬಟ್ಟೆ ಒಗಿಯೋ ಪೌಡ್ರು..."

ಅವರು ಜೋರಾಗಿ ನಕ್ಕರು. "ಪೌಡ್ರು ಎಂಥಾ ನೀರ್ಗೂ ನೊರೆ ಬರ್ಸ್ತೈತೆ. ಅದು ಸುಳ್ ಸಾಕ್ಷಿ ಕಣವ್ವ. ಕುಂತ್ಕಳಿ ಅಧ್ಯಕ್ಷ್ರೇ, ಸಾರು ಇನ್ನೂ ಇಳ್ಸಿಲ್ಲ."

ಮೊದಲು ಬಳಸಿದ್ದ ತಮ್ಮ ಸ್ನಾನದ ಸೋಪಿನ ಚೂರನ್ನೇ ತಂದು, ಅಷ್ಟೇ ಅಳತೆಗೆ ಕೆರೆದು ಕರಗಿಸಿದರು. ಬಾಟಲಿಗಳನ್ನು ತೊಳೆದು ಹೊಸ ನೀರು ತುಂಬಿದೆವು. ಈ ಸಲ ಕುಲುಕಿದ್ದು ಅಧ್ಯಕ್ಷರೇ. ಬಾವಿಯದು ಎಂಟಕ್ಕೇ ಮುಗಿಯಿತು. ಬೋರಿನದಕ್ಕೆ ಇಡೀ ಶಾಲೆ ಕೂಗಿ ಎಣಿಸಿತು. ಮೂವತ್ತಕ್ಕೆ ಬಂದಾಗ ಹಿಂದಿನಿಂದ ಯಾರೋ, "ಅಧ್ಯಕ್ಷ್ರ ಕೈ ನೋಯ್ತೈತೆ, ಬಾಟ್ಲಿ ಇಸ್ಕಳ್ರೋ!" ಎಂದರು. ನಲವತ್ತು... ನಲವತ್ತೊಂದು! ನಾವು ಕುಣಿದಾಡಿಬಿಟ್ಟೆವು.

ಅಡುಗೆಯಮ್ಮ ಆಗ ಒಂದೇ ಹೊತ್ತಿಗೆ ಒಲೆಗಿಟ್ಟಿದ್ದ ಎರಡು ಪಾತ್ರೆ ಇಳಿಸಿದರು. ಬಾವಿಯ ನೀರಿನ ಬೇಳೆ ಅಧ್ಯಕ್ಷರ ಬೆರಳಲ್ಲಿ ಬೆಣ್ಣೆಯಂತೆ ಕರಗಿತು. ಬೋರಿನದು ಜಾರಿ ನೆಲಕ್ಕೆ ಬಿತ್ತು.

"ತಪ್ಪಾಯ್ತು ಕಣಮ್ಮ," ಎಂದರು. ಸೋಮವಾರ ಬಾವಿಯ ಪೈಪು ಮತ್ತೆ ಅಡುಗೆಮನೆಗೆ ಬಂತು. ಆ ತಿಂಗಳು ನಾವು ಮಕ್ಕಳು ಮೂವತ್ತೊಂದು ಮನೆಯ ನೀರು ಕುಲುಕಿದೆವು. ಪಟ್ಟಿ ಬರೆದವಳು ನಾನು. ನಾನು ಲೆಕ್ಕ ಬರೆದಿಡಲು ಕಲಿತದ್ದು ಅಲ್ಲಿಂದಲೇ.

ಅಡುಗೆಯಮ್ಮ ತೀರಿಕೊಂಡದ್ದು ನನಗೆ ಗೊತ್ತಾದದ್ದು ನಲವತ್ತು ದಿನ ಕಳೆದ ಮೇಲೆ. ನಾನು ಕೆಮಿಸ್ಟ್ರಿ ಓದುತ್ತಿದ್ದೇನೆಂದು ಹೇಳಲು ಹೋಗಬೇಕೆಂದು ಡೈರಿಯಲ್ಲಿ ಐದು ಸಲ ಬರೆದಿದ್ದೆ, ಹೋಗಿರಲಿಲ್ಲ...

ಈಗ ನಲ್ಲಿಯ ನೀರು ಬಿಟ್ಟು, ಕೊಂಡು ತಂದ ಕ್ಯಾನಿನ ನೀರು ಹಾಕಿ ಮತ್ತೆ ಬೇಳೆ ಇಟ್ಟೆ. ನಾಲ್ಕೇ ಕೂಗಿಗೆ ಬೆಂದಿದೆ.

ಅವರು ಓದಿದ್ದು ಮೂರನೇ ತರಗತಿ. ಸೋಪಿನ ಹನಿಯಿಂದ ನೀರನ್ನು ಅಳೆಯುವುದನ್ನು ಅವರಿಗೆ ಯಾರು ಕಲಿಸಿದರು? ತವರು ಚಿಕ್ಕನಾಯಕನಹಳ್ಳಿ ಕಡೆ ಎಂಬುದಷ್ಟೇ ನನಗೆ ಗೊತ್ತು. ಅಲ್ಲಿ ಯಾರಾದರೂ ಹೀಗೆ ಬಾಟಲಿ ಕುಲುಕುತ್ತಿದ್ದುದನ್ನು ಕಂಡವರು ಇದನ್ನು ಓದಿದರೆ ದಯವಿಟ್ಟು ನನಗೆ ಬರೆಯಿರಿ. ನನ್ನ ಪಟ್ಟಿಯಲ್ಲಿ ಅವರಿಗೆ ಕಲಿಸಿದವರ ಹೆಸರಿನ ಮೊದಲ ಸಾಲೇ ಖಾಲಿ ಇದೆ.